ಮೆಕ್ಕೆಜೋಳ, ಸುಣ್ಣ, ಕಕವ್: ಅಡುಗೆಯ ಮೂಲಕ ಪ್ರಾಚೀನ ಮಾಯಾ ಸಂಸ್ಕೃತಿಯನ್ನು ತರಗತಿಯಲ್ಲಿ ಕಲಿಸುವ ಬಗೆ

ಶಾಲೆಗಳಲ್ಲಿ ಮೆಕ್ಸಿಕೋ, ಗ್ವಾಟೆಮಾಲ ಸೀಮೆಯ ಮಾಯಾ ಜನರ ಪಾಠವು ಸಾಮಾನ್ಯವಾಗಿ ಪಿರಮಿಡ್ಡಿನ ಚಿತ್ರ, ಪಂಚಾಂಗದ ಕೌತುಕ ಮತ್ತು ನರಬಲಿಯ ಕಥೆಗಳಲ್ಲಿಯೇ ಮುಗಿದುಹೋಗುತ್ತದೆ. ಆ ಪಿರಮಿಡ್ಡುಗಳನ್ನು ಕಟ್ಟಿದವರು ಬೆಳಗಿನ ಹೊತ್ತು ಏನು ಉಣ್ಣುತ್ತಿದ್ದರು, ಅದನ್ನು ಯಾರು ಅರೆಯುತ್ತಿದ್ದರು, ಯಾವ ಮಡಕೆಯಲ್ಲಿ ಬೇಯಿಸುತ್ತಿದ್ದರು ಎಂಬ ಪ್ರಶ್ನೆಗಳಿಂದ ಪಾಠವನ್ನು ಆರಂಭಿಸಿದರೆ ಮಕ್ಕಳಿಗೆ ಆ ಜನ ಹತ್ತಿರದವರಾಗುತ್ತಾರೆ. ಆದರೆ ಒಂದು ನಿಯಮವನ್ನು ಶಿಕ್ಷಕರು ಮೊದಲೇ ತಮಗೆ ತಾವೇ ಹಾಕಿಕೊಳ್ಳಬೇಕು. ತಿನಿಸು ಪಾಠದ ಕೊನೆಗೆ ಹಂಚುವ ಸಿಹಿಯಾಗಬಾರದು, ಅದು ಸಾಕ್ಷ್ಯವಾಗಬೇಕು. ಪ್ರತಿ ತಿನಿಸಿನ ಹಿಂದೆಯೂ ‘ಇದು ನಮಗೆ ಹೇಗೆ ಗೊತ್ತಾಯಿತು?’ ಎಂಬ ಪ್ರಶ್ನೆ ಇರಬೇಕು. ಈ ಮಾರ್ಗದರ್ಶಿಯನ್ನು 7ರಿಂದ 9ನೇ ತರಗತಿಯವರಿಗಾಗಿ, ಎರಡು ವಾರಗಳಲ್ಲಿ ಹಂಚಿಕೊಳ್ಳಬಹುದಾದ ಆರೇಳು ಪಿರಿಯಡ್‌ಗಳ ಲೆಕ್ಕದಲ್ಲಿ ಬರೆಯಲಾಗಿದೆ.

ಮೊದಲ ಸಿದ್ಧತೆ

ಮುಖ್ಯೋಪಾಧ್ಯಾಯರ ಅನುಮತಿ, ಪೋಷಕರ ಒಪ್ಪಿಗೆ ಪತ್ರ, ಯಾವ ಮಗುವಿಗೆ ಯಾವ ಪದಾರ್ಥ ಒಗ್ಗುವುದಿಲ್ಲ ಎಂಬ ಪಟ್ಟಿ, ಈ ಮೂರು ಕೈಯಲ್ಲಿರಲಿ. ಇಲ್ಲಿ ಸೂಚಿಸಿರುವ ಎಲ್ಲವೂ ಸಸ್ಯಾಹಾರವೇ ಆಗಿದ್ದರೂ ಯಾವ ಮಗುವನ್ನೂ ತಿನ್ನಲು ಒತ್ತಾಯಿಸಬಾರದು. ಮುಟ್ಟಿ, ಮೂಸಿ, ಅರೆದು ನೋಡಿದರೂ ಕಲಿಕೆ ನಡೆಯುತ್ತದೆ. ವಿಜ್ಞಾನದ ಮತ್ತು ಗಣಿತದ ಶಿಕ್ಷಕರನ್ನು ಮುಂಚಿತವಾಗಿಯೇ ಜೊತೆಗೆ ಸೇರಿಸಿಕೊಳ್ಳಿ, ಏಕೆಂದರೆ ಈ ಪಾಠದ ಅರ್ಧದಷ್ಟು ಅವರದೇ ಆಗಿರುತ್ತದೆ.

ಸಾಮಗ್ರಿಗಳಲ್ಲಿ ಹೆಚ್ಚು ಎಚ್ಚರ ಬೇಕಾಗಿರುವುದು ಮೆಕ್ಕೆಜೋಳಕ್ಕೆ. ಬಲಿತು ಒಣಗಿದ, ಬೂಷ್ಟು ಹಿಡಿಯದ ಕಾಳನ್ನು ದಿನಸಿ ಅಂಗಡಿಯಿಂದ ತರಬೇಕು. ಬಿತ್ತನೆಗೆಂದು ಮಾರುವ ಬೀಜಕ್ಕೆ ಔಷಧಿ ಲೇಪಿಸಿರುತ್ತಾರೆ, ಆದ್ದರಿಂದ ಗುಲಾಬಿ ಅಥವಾ ಕೆಂಪು ಬಣ್ಣ ಹತ್ತಿದ ಕಾಳು ತರಗತಿಯೊಳಗೆ ಬರಲೇಬಾರದು. ಎಳೆಯ ಸ್ವೀಟ್ ಕಾರ್ನ್ ಈ ಕೆಲಸಕ್ಕೆ ಆಗುವುದಿಲ್ಲ. ಮೊದಲ ಸಲ ನಾನು ಅದನ್ನೇ ಬೇಯಿಸಿ, ಹಿಟ್ಟಿನ ಬದಲು ಗಂಜಿ ಮಾಡಿಕೊಂಡು, ಒಂದು ಪಿರಿಯಡ್ ಕಳೆದುಕೊಂಡಿದ್ದೇನೆ.

ಮೊದಲ ಹಂತ: ನಕಾಶೆ ಮತ್ತು ಕಾಲ

ಮೆಕ್ಸಿಕೋದ ಆಗ್ನೇಯ ಭಾಗ, ಗ್ವಾಟೆಮಾಲ, ಬೆಲೀಜ್, ಹೊಂಡುರಾಸ್ ಹಾಗೂ ಎಲ್ ಸಾಲ್ವಡಾರ್‌ಗಳ ಪಶ್ಚಿಮ ಭಾಗಗಳನ್ನು ನಕಾಶೆಯಲ್ಲಿ ಬಣ್ಣ ಹಚ್ಚಿಸಿ, ಟಿಕಾಲ್, ಕಲಾಕ್ಮುಲ್, ಪಲೆಂಕೆ, ಕೊಪಾನ್ ನಗರಗಳನ್ನು ಗುರುತಿಸಲು ಹೇಳಿ. ಕ್ರಿ.ಶ. 250ರಿಂದ 900ರವರೆಗಿನ ಅವಧಿಯನ್ನು ವಿದ್ವಾಂಸರು ಮಾಯಾ ನಾಗರಿಕತೆಯ ಅಭಿಜಾತ ಯುಗವೆಂದು ಕರೆಯುತ್ತಾರೆ. ಇನ್ಕಾ ಮತ್ತು ಅಜ್ಟೆಕ್ ಜನರಿಂದ ಮಾಯಾ ಜನರನ್ನು ಬೇರ್ಪಡಿಸಿ ತೋರಿಸುವುದನ್ನು ಮರೆಯಬಾರದು. ಮೂವರನ್ನೂ ಒಂದೇ ಪಾತ್ರೆಗೆ ಸುರಿಯುವುದು ನಮ್ಮ ಪಾಠಗಳಲ್ಲಿ ಬಹಳ ಸಾಮಾನ್ಯವಾದ ತಪ್ಪು. ಇದಕ್ಕೆ ಅರ್ಧ ಪಿರಿಯಡ್ ಸಾಕು.

ಎರಡನೆಯ ಹಂತ: ಇಲ್ಲದಿದ್ದವುಗಳ ಪಟ್ಟಿ

ಉಳಿದ ಅರ್ಧ ಪಿರಿಯಡ್‌ನಲ್ಲಿ ಮೇಜಿನ ಮೇಲೆ ಸಂತೆ ಹರಡಿ. ಅಕ್ಕಿ, ಗೋಧಿ, ಸಕ್ಕರೆ, ಈರುಳ್ಳಿ, ಬೆಳ್ಳುಳ್ಳಿ, ನಿಂಬೆ, ಬಾಳೆಹಣ್ಣು, ಕೊತ್ತಂಬರಿ ಸೊಪ್ಪು, ಹಾಲಿನ ಪ್ಯಾಕೆಟ್ ಒಂದು ಕಡೆಯಿಂದ. ಮೆಕ್ಕೆಜೋಳ, ಮೆಣಸಿನಕಾಯಿ, ಟೊಮೆಟೊ, ಸಿಹಿಗುಂಬಳ, ರಾಜ್ಮಾ, ಬೆಣ್ಣೆಹಣ್ಣು, ಪಪಾಯ, ಸಪೋಟ, ಕೋಕೋ ಇನ್ನೊಂದು ಕಡೆಯಿಂದ. ಎಲ್ಲವನ್ನೂ ಬೆರೆಸಿಟ್ಟು, ಪ್ರಾಚೀನ ಮಾಯಾ ಅಡುಗೆಮನೆಯಲ್ಲಿ ಇರಲು ಸಾಧ್ಯವಿದ್ದವನ್ನು ಮಾತ್ರ ಆರಿಸಲು ಗುಂಪುಗಳಿಗೆ ಹೇಳಿ. ಮಕ್ಕಳನ್ನು ಪರೀಕ್ಷಿಸಲು ಒಂದು ಆಲೂಗಡ್ಡೆಯನ್ನೂ ಇಡಿ. ಅದು ಅಮೆರಿಕ ಖಂಡದ್ದೇ ಆದರೂ ದಕ್ಷಿಣದ ಆಂಡೀಸ್ ಪರ್ವತದ್ದು, ಮಾಯಾ ಜನರದ್ದಲ್ಲ.

ಮಕ್ಕಳು ಹೆಚ್ಚಾಗಿ ತಪ್ಪುವುದು ಮೆಣಸಿನಕಾಯಿಯಲ್ಲಿ. ಬ್ಯಾಡಗಿ ಮೆಣಸಿನಕಾಯಿ ಅನಾದಿಯಿಂದಲೂ ನಮ್ಮದೇ ಎಂದು ವಾದಿಸುವವರಿಗೆ ಭಾಷೆಯೇ ಉತ್ತರ ಕೊಡುತ್ತದೆ. ನಮ್ಮಲ್ಲಿ ಮೊದಲಿದ್ದದ್ದು ಬಳ್ಳಿಯಲ್ಲಿ ಬಿಡುವ ಮೆಣಸು. ಪೋರ್ಚುಗೀಸರ ಹಡಗಿನಲ್ಲಿ ಬಂದ ಹೊಸ ಖಾರಕ್ಕೆ ಹಳೆಯ ಹೆಸರನ್ನೇ ಹಿಗ್ಗಿಸಿ ‘ಮೆಣಸಿನಕಾಯಿ’ ಎಂದರು. ಸಪೋಟವಂತೂ ಮಾಯಾ ಸೀಮೆಯ ಕಾಡಿನ ಮರವೇ ಆಗಿದ್ದು, ಟಿಕಾಲಿನ ಗುಡಿಗಳ ಬಾಗಿಲ ಮೇಲಿನ ಕೆತ್ತನೆಯ ತೊಲೆಗಳು ಅದರ ಗಟ್ಟಿ ಮರದವು.

ಹೊಯ್ಸಳ ಶಿಲ್ಪಗಳ ಕೈಯಲ್ಲಿ ಮೆಕ್ಕೆಜೋಳದ ತೆನೆ ಇದೆಯಲ್ಲವೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. 1980ರ ದಶಕದ ಕೊನೆಯಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಸೋಮನಾಥಪುರ ಮೊದಲಾದ ಕಡೆಗಳ ಶಿಲ್ಪಗಳನ್ನು ನೋಡಿ ಹಾಗೆಂದು ವಾದಿಸಿದ್ದು ನಿಜ. ಅದು ಮುತ್ತುಗಳಿಂದ ಕಲ್ಪಿಸಿದ ಮುಕ್ತಾಫಲವೆಂದು ಭಾರತದ ವಿದ್ವಾಂಸರು ಉತ್ತರಿಸಿದರು. ಆ ಕಾಲದ ಮೆಕ್ಕೆಜೋಳದ ಕಾಳಾಗಲಿ ದಿಂಡಾಗಲಿ ನಮ್ಮ ನೆಲದಲ್ಲಿ ಖಚಿತವಾಗಿ ದೊರೆಯದಿರುವುದರಿಂದ ಎರಡನೆಯ ವಾದವೇ ನನಗೆ ಗಟ್ಟಿಯೆನಿಸುತ್ತದೆ. ಶಿಲ್ಪವೊಂದೇ ಸಾಕ್ಷ್ಯವಾಗಬಲ್ಲದೇ, ಕಾಳೂ ಸಿಗಬೇಕೇ ಎಂಬ ಚರ್ಚೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಮೂರನೆಯ ಹಂತ: ಕಾಳು ಮತ್ತು ಸುಣ್ಣ

ಇಡೀ ಪಾಠದ ಜೀವಾಳ ಇಲ್ಲಿದೆ, ಆದ್ದರಿಂದ ಎರಡು ದಿನ ಕೊಡಬೇಕು. ಮೆಕ್ಸಿಕೋದ ಬಾಲ್ಸಾಸ್ ನದಿಯ ಕಣಿವೆಯಲ್ಲಿ ಸುಮಾರು 9000 ವರ್ಷಗಳ ಹಿಂದೆ ಟಿಯೊಸಿಂಟೆ ಎಂಬ ಕಾಡುಹುಲ್ಲಿನಿಂದ ಜನರು ಪಳಗಿಸಿದ ಬೆಳೆ ಮೆಕ್ಕೆಜೋಳ. ಅದನ್ನು ಮಾಯಾ ಜನರು ಹಾಗೆಯೇ ಬೀಸಿ ತಿನ್ನಲಿಲ್ಲ. ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿ, ತೊಳೆದು, ಹಸಿಯಾಗಿರುವಾಗಲೇ ಅರೆದರು. ಈ ಕ್ರಮಕ್ಕೆ ಇಂದು ನಿಕ್ಸ್ಟಮಲ್ ಎಂಬ, ಅಜ್ಟೆಕ್ ಜನರ ನಹುಅಟ್ಲ್ ಭಾಷೆಯ ಹೆಸರು ಬಳಕೆಯಲ್ಲಿದೆ. ಸುಣ್ಣದಕಲ್ಲನ್ನೋ ಬಸವನಹುಳುವಿನ ಚಿಪ್ಪನ್ನೋ ಸುಟ್ಟು ಸುಣ್ಣ ಮಾಡುತ್ತಿದ್ದರು, ಗುಡಿಯ ಗೋಡೆಗೆ ಗಾರೆಯಾಗುತ್ತಿದ್ದುದೂ ಇಂತಹ ಸುಣ್ಣವೇ. ಕರಾವಳಿಯ ಮಕ್ಕಳಿಗೆ ಚಿಪ್ಪು ಸುಡುವ ಸುಣ್ಣದ ಗೂಡು ಹೊಸದೇನಲ್ಲ.

ಪ್ರಯೋಗಕ್ಕೆ ಎರಡು ಸ್ಟೀಲ್ ಪಾತ್ರೆಗಳು ಬೇಕು. ಅಲ್ಯೂಮಿನಿಯಂ ಪಾತ್ರೆಯನ್ನು ಸುಣ್ಣ ಕೊರೆಯುವುದರಿಂದ ಅದನ್ನು ಬಳಸಬಾರದು. ಎರಡರಲ್ಲಿಯೂ ಅರ್ಧ ಕಿಲೋ ಒಣ ಕಾಳು, ಒಂದೂವರೆ ಲೀಟರ್ ನೀರು ಹಾಕಿ. ಒಂದಕ್ಕೆ ಮಾತ್ರ ಕಾಳಿನ ತೂಕದ ನೂರಕ್ಕೆ ಒಂದರಷ್ಟು, ಅಂದರೆ 5 ಗ್ರಾಂ, ಆಹಾರ ಬಳಕೆಯ ಸುಣ್ಣದ ಪುಡಿಯನ್ನು ಕದಡಿ; ಎಲೆಯಡಿಕೆಗೆ ಮಾರುವ ಬಣ್ಣ ಮತ್ತು ಪರಿಮಳಗಳಿಲ್ಲದ ಹಸಿ ಸುಣ್ಣವಾದರೆ ಅದರಲ್ಲಿ ನೀರಿರುವುದರಿಂದ 10 ಗ್ರಾಂ ಬೇಕಾಗುತ್ತದೆ. ಗೋಡೆಗೆ ಬಳಿಯುವ ಸುಣ್ಣ ಬೇಡ. ಸುಣ್ಣವನ್ನು ಮುಟ್ಟುವವರು ಶಿಕ್ಷಕರು ಮಾತ್ರ, ಕೈಗೆ ಗವಸು ಇರಲಿ, ಕಣ್ಣಿಗೆ ಹಾರದಂತೆ ಎಚ್ಚರವಿರಲಿ. ಎರಡನ್ನೂ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬೇಯಿಸಿ, ಮುಚ್ಚಿ, ರಾತ್ರಿಯಿಡೀ ಬಿಡಿ.

ಮರುದಿನ ಮಕ್ಕಳು ನೋಡುವುದು ಎರಡು ಬೇರೆ ಬೇರೆ ಧಾನ್ಯಗಳನ್ನೇ. ಸುಣ್ಣದ ಕಾಳು ಗಾಢ ಹಳದಿಗೆ ತಿರುಗಿ, ಬೆರಳಲ್ಲಿ ಉಜ್ಜಿದರೆ ಸಿಪ್ಪೆ ಲೋಳೆಯಾಗಿ ಕಳಚಿಕೊಳ್ಳುತ್ತದೆ. ಇನ್ನೊಂದರ ಸಿಪ್ಪೆ ಅಲುಗುವುದಿಲ್ಲ. ಸುಣ್ಣದ ಕಾಳನ್ನು ಮೂರು ನಾಲ್ಕು ನೀರಿನಲ್ಲಿ ತೊಳೆಯುವಾಗ ಪ್ರತಿ ಬಾರಿಯ ನೀರನ್ನು ಒಂದು ಲೋಟದಲ್ಲಿ ಹಿಡಿದು ಚಿಟಿಕೆ ಅರಿಶಿನ ಹಾಕಿಸಿ. ಆರತಿ ತಟ್ಟೆಯ ಓಕುಳಿಯನ್ನು ಕಂಡ ಮಕ್ಕಳಿಗೆ ಅರಿಶಿನಕ್ಕೆ ಸುಣ್ಣ ಸೇರಿದರೆ ಕೆಂಪಾಗುತ್ತದೆಂಬುದು ಗೊತ್ತೇ ಇರುತ್ತದೆ. ಲೋಟದಿಂದ ಲೋಟಕ್ಕೆ ಕೆಂಪು ಇಳಿಯುತ್ತಾ ಹಳದಿಯಾದಾಗ ಕಾಳು ಅರೆಯಲು ಸಿದ್ಧವಾಯಿತೆಂದು ಅವರೇ ಹೇಳುತ್ತಾರೆ.

ಅರೆದ ಮೇಲೆ ಎರಡೂ ಹಿಟ್ಟುಗಳನ್ನು ಅಂಗೈಯಲ್ಲಿ ತಟ್ಟಿಸಿ. ಸುಣ್ಣ ಕಂಡ ಹಿಟ್ಟು ಒಗ್ಗೂಡಿ ನಿಲ್ಲುತ್ತದೆ, ಮತ್ತೊಂದು ಅಂಚಿನಿಂದ ಒಡೆದು ಉದುರುತ್ತದೆ. ಗೋಧಿಯಂತೆ ಜಿಗುಟಿಲ್ಲದ ಹಿಟ್ಟನ್ನು ಕೂಡಿಸಲು ಉತ್ತರ ಕರ್ನಾಟಕದ ತಾಯಂದಿರು ಜೋಳದ ಹಿಟ್ಟಿಗೆ ಕುದಿಯುವ ಎಸರು ಹೊಯ್ದು ನಾದುತ್ತಾರೆ. ಅದೇ ತೊಡಕಿಗೆ ಮಾಯಾ ಅಡುಗೆಮನೆ ಸುಣ್ಣದಲ್ಲಿ ಉತ್ತರ ಕಂಡುಕೊಂಡಿತು. ಆದರೆ ಸುಣ್ಣದ ನಿಜವಾದ ಉಪಕಾರ ಕಣ್ಣಿಗೆ ಕಾಣುವುದಿಲ್ಲ. ಮೆಕ್ಕೆಜೋಳದಲ್ಲಿ ಬಂಧಿತವಾಗಿರುವ ನಯಾಸಿನ್ ಎಂಬ ಬಿ3 ಜೀವಸತ್ವವನ್ನು ಅದು ಬಿಡಿಸಿ ದೇಹಕ್ಕೆ ದಕ್ಕುವಂತೆ ಮಾಡುತ್ತದೆ, ಜೊತೆಗೆ ಕ್ಯಾಲ್ಸಿಯಂ ಸೇರಿಸುತ್ತದೆ. ಯೂರೋಪಿನವರು ಬೆಳೆಯನ್ನು ಒಯ್ದರು, ಸುಣ್ಣದ ವಿದ್ಯೆಯನ್ನು ಒಯ್ಯಲಿಲ್ಲ. 18ನೇ ಶತಮಾನದಲ್ಲಿ ಸ್ಪೇನ್ ಮತ್ತು ಇಟಲಿಯಲ್ಲಿ, 20ನೇ ಶತಮಾನದ ಆರಂಭದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ, ಮೆಕ್ಕೆಜೋಳವೊಂದನ್ನೇ ನಂಬಿದ ಬಡವರನ್ನು ಪೆಲಾಗ್ರ ರೋಗ ಕಾಡಿತು. ಚರ್ಮ ಸುಟ್ಟಂತಾಗುವುದು, ಭೇದಿ, ಬುದ್ಧಿಭ್ರಮಣೆ ಅದರ ಲಕ್ಷಣಗಳು. ಜೋಳವನ್ನೇ ಮುಖ್ಯವಾಗಿ ಉಣ್ಣುತ್ತಿದ್ದ ದಖ್ಖನ್ನಿನ ಬಡವರಲ್ಲಿಯೂ ಈ ರೋಗ ಕಂಡುಬಂದಿತ್ತು, ಹೈದರಾಬಾದಿನ ವಿಜ್ಞಾನಿಗಳು ಅದನ್ನು ದೀರ್ಘಕಾಲ ಅಧ್ಯಯನ ಮಾಡಿದರು.

ನಾಲ್ಕನೆಯ ಹಂತ: ಅರೆಯುವುದು, ಸುತ್ತುವುದು, ಬೇಯಿಸುವುದು

ಮಿಕ್ಸಿಯನ್ನು ಕೊನೆಗೆ ಬಳಸಿ, ಮೊದಲು ಕಲ್ಲು. ಮಾಯಾ ಹೆಂಗಸರು ಮಂಡಿಯೂರಿ, ತುಸು ಇಳಿಜಾರಿನ ಕಲ್ಲಿನ ಮೇಲೆ ಉದ್ದನೆಯ ಗುಂಡನ್ನು ಹಿಂದೆ ಮುಂದೆ ಎಳೆದು ಅರೆಯುತ್ತಿದ್ದರು. ಅದಕ್ಕೆ ಹೋಲುವುದು ನಮ್ಮ ಬೀಸುವ ಕಲ್ಲಲ್ಲ, ಮಸಾಲೆ ಅರೆಯುವ ಚಪ್ಪಟೆ ಕಲ್ಲು. ಪ್ರತಿಯೊಬ್ಬರೂ, ಹುಡುಗರೂ ಸೇರಿದಂತೆ, ಐದು ನಿಮಿಷ ಅರೆದು, ಬಂದ ಹಿಟ್ಟನ್ನು ತೂಗಿ, ಐವರ ಕುಟುಂಬಕ್ಕೆ ಎರಡು ಕಿಲೋ ಹಿಟ್ಟು ಬೇಕಾದರೆ ಎಷ್ಟು ಹೊತ್ತು ಬೇಕೆಂದು ಲೆಕ್ಕ ಹಾಕಲಿ. ಕಿಚೆ ಮಾಯಾ ಜನರ ಪವಿತ್ರ ಗ್ರಂಥ ‘ಪೊಪೊಲ್ ವೂಹ್’ನ ಸೃಷ್ಟಿಕಥೆಯನ್ನು ತೋಳು ಸೋತ ಆ ಹೊತ್ತಿನಲ್ಲಿ ಹೇಳಬೇಕು. ದೇವತೆಗಳು ಮಣ್ಣಿನಿಂದ ಮಾಡಿದ ಮನುಷ್ಯ ಕರಗಿಹೋದ, ಮರದಿಂದ ಮಾಡಿದವನಿಗೆ ಹೃದಯವಿರಲಿಲ್ಲ. ಕೊನೆಗೆ ಅಜ್ಜಿ ಶ್ಮುಕಾನೆ ಹಳದಿ ಮತ್ತು ಬಿಳಿ ಮೆಕ್ಕೆಜೋಳವನ್ನು ಒಂಬತ್ತು ಸಲ ಅರೆದ ಹಿಟ್ಟಿನಿಂದ ನಿಜವಾದ ಮನುಷ್ಯರಾದರು. ಒಂಬತ್ತು ಸಲ ಎಂದರೇನೆಂದು ಆಗ ಅವರಿಗೆ ವಿವರಿಸಬೇಕಾಗಿಲ್ಲ.

ಮೆಕ್ಸಿಕೋ ಎಂದೊಡನೆ ನೆನಪಾಗುವ ತೊರ್ತಿಯಾ ರೊಟ್ಟಿಯನ್ನು ಇಲ್ಲಿ ಮಾಡಬೇಡಿ. ಅಭಿಜಾತ ಯುಗದ ಮಾಯಾ ತಗ್ಗುನಾಡಿನ ಉತ್ಖನನಗಳಲ್ಲಿ ರೊಟ್ಟಿ ಬೇಯಿಸುವ ಹೆಂಚು ಅಪರೂಪ, ಆದರೆ ಚಿತ್ರಿತ ಪಾತ್ರೆಗಳ ಮೇಲೆ ತಟ್ಟೆ ತುಂಬ ತಮಾಲೆಯ, ಅಂದರೆ ಸಿಪ್ಪೆಯಲ್ಲೋ ಎಲೆಯಲ್ಲೋ ಸುತ್ತಿ ಹಬೆಯಲ್ಲಿ ಬೇಯಿಸಿದ ಮೆಕ್ಕೆಜೋಳದ ಹಿಟ್ಟಿನ, ಉಂಡೆಗಳಿವೆ. ಅದಕ್ಕೆ ಅವರ ಬರಹದಲ್ಲಿ ‘ವಾಹ್’ ಎಂಬ ಪದವೂ ಇದೆ. ಕಲಾಕ್ಮುಲ್‌ನ ಭಿತ್ತಿಚಿತ್ರಗಳಲ್ಲಿ ಗಂಜಿಯವರು, ತಮಾಲೆಯವರು, ಉಪ್ಪಿನವರು ತಮ್ಮ ತಮ್ಮ ಸರಕಿನ ಹೆಸರುಗಳೊಂದಿಗೆ ನಿಂತಿದ್ದಾರೆ. ರಾಜರನ್ನೇ ಬಿಡಿಸುತ್ತಿದ್ದ ಕಲೆಯಲ್ಲಿ ಇಂತಹ ಸಾಮಾನ್ಯರ ಚಿತ್ರ ಬಹಳ ವಿರಳ.

ಹಿಟ್ಟಿಗೆ ಉಪ್ಪು ಬೆರೆಸಿ, ನಿಂಬೆಗಾತ್ರದ ಉಂಡೆಯನ್ನು ತಟ್ಟಿ, ಬೇಯಿಸಿ ಮಸೆದ ರಾಜ್ಮಾವನ್ನು ಒಳಗಿಟ್ಟು ಮುಚ್ಚಿ, ನೆನೆಸಿದ ತೆನೆಸಿಪ್ಪೆಯಲ್ಲಿ ಸುತ್ತಿ, ಇಡ್ಲಿ ಪಾತ್ರೆಯ ಹಬೆಯಲ್ಲಿ ಸುಮಾರು ಒಂದು ಗಂಟೆ ಬೇಯಿಸಿ. ಇಂದು ಮಾಯಾ ಮನೆಗಳಲ್ಲಿ ಬಾಳೆಲೆ ಬಳಕೆಯಲ್ಲಿದ್ದರೂ ಬಾಳೆ ನಮ್ಮ ಏಷ್ಯಾದಿಂದ ಹೋದ ಗಿಡ. ಹಿಟ್ಟನ್ನು ಮೃದುಗೊಳಿಸಲು ಈಗ ಹಾಕುವ ಹಂದಿಕೊಬ್ಬೂ ಸ್ಪೇನಿನವರೊಂದಿಗೆ ಬಂದದ್ದು, ಆದ್ದರಿಂದ ಪ್ರಾಚೀನ ತಮಾಲೆ ಇಂದಿನದಕ್ಕಿಂತ ಗಟ್ಟಿಯಾಗಿದ್ದಿರಬೇಕು. ನಂಚಿಕೊಳ್ಳಲು ಹುರಿದ ಕುಂಬಳಬೀಜ, ಸುಟ್ಟ ಟೊಮೆಟೊ ಮತ್ತು ಮೆಣಸಿನಕಾಯಿಗಳನ್ನು ಉಪ್ಪು ಹಾಕಿ ಅರೆಯಿರಿ. ಮೆಕ್ಸಿಕೋದ ಯುಕಟಾನಿನಲ್ಲಿ ಇಂತಹ ಚಟ್ನಿಯನ್ನು ಇಂದಿಗೂ ‘ಸಿಕಿಲ್ ಪಾಕ್’ ಎಂಬ ಮಾಯಾ ಹೆಸರಿನಿಂದಲೇ ಕರೆಯುತ್ತಾರೆ.

ಬೇಯುವ ಒಂದು ಗಂಟೆಯನ್ನು ಹೊಲದ ವಿಷಯಕ್ಕೆ ಬಳಸಿಕೊಳ್ಳಿ. ಮಿಲ್ಪಾ ಎಂಬ ಹೊಲದಲ್ಲಿ ಮೆಕ್ಕೆಜೋಳದ ದಂಟನ್ನು ಹುರುಳಿಕಾಯಿ ಬಳ್ಳಿ ಏರುತ್ತದೆ, ಕುಂಬಳದ ಎಲೆ ನೆಲವನ್ನು ಮುಚ್ಚುತ್ತದೆ. ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳಿನ ಅಕ್ಕಡಿ ಸಾಲು ಇಡುವ ಮನೆಯ ಮಕ್ಕಳು ಉಳಿದದ್ದನ್ನು ತಾವೇ ಹೇಳುತ್ತಾರೆ.

ಐದನೆಯ ಹಂತ: ಕಕವ್

ಕಕವ್ ಎಂದರೆ ಮಾಯಾ ಜನರ ಮಾತಿನಲ್ಲಿ ಕೋಕೋ. ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ಕೋಕೋ ಬೆಳೆಯುತ್ತಾರೆ, ಪುತ್ತೂರಿನಲ್ಲಿ ಕ್ಯಾಂಪ್ಕೋದ ಚಾಕೊಲೇಟ್ ಕಾರ್ಖಾನೆಯೂ ಇದೆ. ಸಾಧ್ಯವಾದರೆ ಒಂದು ಹಸಿ ಕಾಯಿ ತರಿಸಿ, ಒಡೆದು, ಬೀಜದ ಸುತ್ತಲಿನ ಬಿಳಿ ತಿರುಳನ್ನು ಮಕ್ಕಳಿಗೆ ಚೀಪಲು ಕೊಡಿ. ಮಾಯಾ ಜನರು ಕುಡಿಯುತ್ತಿದ್ದ ಕೋಕೋ ಪಾನೀಯಕ್ಕೆ ಮಾತ್ರ ಹುಳಿಸಿ ಒಣಗಿಸಿದ ಬೀಜವೇ ಬೇಕು. ಅದು ಸಿಗದಿದ್ದರೆ ಸಕ್ಕರೆಯಿಲ್ಲದ ಕೋಕೋ ಪುಡಿ.

ಮೊದಲು ಬರಹವನ್ನು ಕಲಿಸಿ, ಏಕೆಂದರೆ ಇಲ್ಲಿ ಕನ್ನಡದ ಮಕ್ಕಳಿಗೆ ಇಂಗ್ಲಿಷ್ ಮಕ್ಕಳಿಗಿಲ್ಲದ ಅನುಕೂಲವಿದೆ. ಮಾಯಾ ಲಿಪಿಯಲ್ಲಿ ಪದಚಿಹ್ನೆಗಳ ಜೊತೆಗೆ ನಮ್ಮ ‘ಕ’, ‘ವ’ಗಳಂತೆ ಸ್ವರ ಸೇರಿದ ಅಕ್ಷರಗಳಿವೆ. ಮೀನಿನ ಚಿತ್ರ ‘ಕ’, ಅದರ ಪಕ್ಕದಲ್ಲಿ ಎರಡು ಚುಕ್ಕೆ ಇಟ್ಟರೆ ಆ ಅಕ್ಷರವನ್ನು ಎರಡು ಸಲ ಓದಬೇಕು, ಕೊನೆಗೆ ‘ವ’. ಹೀಗೆ ಕ-ಕ-ವ ಎಂದು ಬರೆದು, ಕೊನೆಯ ಸ್ವರವನ್ನು ಬಿಟ್ಟು ‘ಕಕವ್’ ಎಂದು ಓದುತ್ತಿದ್ದರು. 1562ರಲ್ಲಿ ಮಾನಿ ಎಂಬ ಊರಿನಲ್ಲಿ ಮಾಯಾ ಪುಸ್ತಕಗಳನ್ನು ಸುಡಿಸಿದ ಪಾದ್ರಿ ಡಿಯೆಗೊ ದೆ ಲಾಂದಾ, ಮುಂದೆ ಅವರ ‘ಅಕ್ಷರಮಾಲೆ’ಯನ್ನು ಬರೆದಿಟ್ಟುಕೊಳ್ಳಲು ಹೋಗಿ, ಕೇಳಿದ ಪ್ರತಿ ಸ್ಪ್ಯಾನಿಷ್ ಅಕ್ಷರದ ಹೆಸರಿಗೆ ಅದರಂತೆಯೇ ಉಚ್ಚರಿಸುವ ಮಾಯಾ ಅಕ್ಷರವನ್ನು ಪಡೆದ. ಆ ಗೊಂದಲದ ಪಟ್ಟಿಯೇ 1952ರಲ್ಲಿ ಸೋವಿಯತ್ ವಿದ್ವಾಂಸ ಯೂರಿ ಕ್ನೊರೊಜೊವ್‌ಗೆ ಲಿಪಿಯನ್ನು ಓದಲು ದಾರಿಯಾಯಿತು.

ಗ್ವಾಟೆಮಾಲದ ರಿಯೊ ಅಸುಲ್‌ನ ಸಮಾಧಿಯೊಂದರಲ್ಲಿ 1984ರಲ್ಲಿ ತಿರುಗಿಸಿ ಮುಚ್ಚುವ ಮುಚ್ಚಳದ, 5ನೇ ಶತಮಾನದ ಮಡಕೆ ದೊರೆಯಿತು. ಅದರ ಮೇಲೆ ಕಕವ್ ಎಂಬ ಬರಹವಿತ್ತು. ಒಳಗಿನ ಕರೆಯನ್ನು ಪರೀಕ್ಷಿಸಿದಾಗ ಕೋಕೋದ ಗುರುತಾದ ಥಿಯೊಬ್ರೊಮಿನ್ ಸಿಕ್ಕಿತು. ಓದು ಸರಿಯೆಂದು ರಸಾಯನಶಾಸ್ತ್ರ ಸಾಕ್ಷಿ ನುಡಿದ ಈ ಪ್ರಸಂಗವನ್ನು ವಿಜ್ಞಾನ ಶಿಕ್ಷಕರಿಂದಲೇ ಹೇಳಿಸಿ.

ಮೂವತ್ತು ಮಕ್ಕಳು ಗುಟುಕು ಗುಟುಕು ರುಚಿ ನೋಡಲು 100 ಗ್ರಾಂ ಬೀಜವನ್ನು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು, ಸಿಪ್ಪೆ ತೆಗೆದು, ನುಣ್ಣಗೆ ಅರೆದು, ಒಂದು ಲೀಟರ್ ಬಿಸಿನೀರಿಗೆ ಎರಡು ಚಮಚ ಮೆಕ್ಕೆಜೋಳದ ಹಿಟ್ಟಿನೊಂದಿಗೆ ಕದಡಿ ಕುದಿಸಿ. ಮೆಣಸಿನಕಾಯಿಯ ಪುಡಿ ಚಿಟಿಕೆಯಷ್ಟು ಸಾಕು. ಹಾಲು, ಸಕ್ಕರೆ ಇಲ್ಲ. ಸಿಹಿ ಬೇಕಾದವರಿಗೆ ಜೇನುತುಪ್ಪ ಇರಲಿ. ಮಾಯಾ ಜನರು ಸಾಕುತ್ತಿದ್ದುದು ಚುಚ್ಚದ ಜೇನು, ಮಲೆನಾಡಿನ ಮಿಸ್ರಿ ಜೇನಿನ ದೂರದ ನೆಂಟ. ನೊರೆಯೇ ಈ ಪಾನೀಯದ ಹೆಮ್ಮೆ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಕಲಾಸಂಗ್ರಹಾಲಯದಲ್ಲಿರುವ, ಸುಮಾರು 1300 ವರ್ಷ ಹಳೆಯ ಪಾತ್ರೆಯೊಂದರ ಮೇಲೆ ಹೆಂಗಸೊಬ್ಬಳು ನಿಂತುಕೊಂಡು ಒಂದು ಪಾತ್ರೆಯಿಂದ ಕೆಳಗಿನ ಇನ್ನೊಂದಕ್ಕೆ ಕಕವ್ ಸುರಿಯುತ್ತಿರುವ ಚಿತ್ರವಿದೆ. ಆ ಚಿತ್ರವನ್ನು ಗೋಡೆಗೆ ಅಂಟಿಸಿ, ಉಗುರುಬೆಚ್ಚಗಾದ ಮೇಲೆ ಎರಡು ಚೆಂಬುಗಳನ್ನು ಮಕ್ಕಳ ಕೈಗೆ ಕೊಡಿ. ಮನೆಯಲ್ಲಿ ಕಾಫಿಯನ್ನು ಎತ್ತಿ ಸುರಿಯುವುದನ್ನು ನೋಡಿದವರು ಮೊದಲ ಪ್ರಯತ್ನದಲ್ಲಿಯೇ ನೊರೆ ಎಬ್ಬಿಸುತ್ತಾರೆ. ಮುಖ ಕಿವುಚುವವರೂ ಇರುತ್ತಾರೆ, ಅದನ್ನೂ ಟಿಪ್ಪಣಿ ಪುಸ್ತಕದಲ್ಲಿ ಬರೆಯಲಿ.

ಆರನೆಯ ಹಂತ: ಬೀಜವೇ ನಾಣ್ಯ

1502ರಲ್ಲಿ ಹೊಂಡುರಾಸ್ ಬಳಿಯ ಗುವನಾಹಾ ದ್ವೀಪದ ಹತ್ತಿರ ಕೊಲಂಬಸ್‌ನ ತಂಡಕ್ಕೆ ಒಂದು ದೊಡ್ಡ ವ್ಯಾಪಾರಿ ದೋಣಿ ಎದುರಾಯಿತು. ಅದರಲ್ಲಿದ್ದ ಬೀಜಗಳು ಕೆಳಗೆ ಬಿದ್ದಾಗ ಕಣ್ಣೇ ಕಳಚಿ ಬಿದ್ದಂತೆ ಜನ ಬಾಗಿ ಆರಿಸಿಕೊಂಡರೆಂದು ಅವನ ಮಗ ಬರೆದಿದ್ದಾನೆ. ಬೆಲೆಪಟ್ಟಿಗೆ ಮಧ್ಯ ಮೆಕ್ಸಿಕೋದ ತ್ಲಾಸ್ಕಾಲದ 1545ರ ದಾಖಲೆಯನ್ನು ಬಳಸಬಹುದು, ಅದು ಮಾಯಾ ದಾಖಲೆಯಲ್ಲ ಎಂದು ಹೇಳಿಯೇ ಬಳಸಬೇಕು: ಹೆಣ್ಣು ಟರ್ಕಿ ಕೋಳಿಗೆ 100 ಒಳ್ಳೆಯ ಬೀಜ, ಗಂಡಿಗೆ 200, ಆಗತಾನೆ ಕಿತ್ತ ಬೆಣ್ಣೆಹಣ್ಣಿಗೆ 3, ಪೂರ್ತಿ ಮಾಗಿದ್ದಕ್ಕೆ 1, ಒಂದು ತಮಾಲೆಗೆ 1. ಕೋಕೋ ಬದಲು ಹುಣಸೆಬೀಜ ಹಂಚಿ ಸಂತೆ ನಡೆಸಿ, ಲೆಕ್ಕವನ್ನು ಮಾಯಾ ಅಂಕಿಗಳಲ್ಲಿ ಬರೆಸಿ. ಚುಕ್ಕೆ ಒಂದು, ಗೆರೆ ಐದು, ಚಿಪ್ಪು ಸೊನ್ನೆ. ಸ್ಥಾನಗಳು ಇಪ್ಪತ್ತರ ಲೆಕ್ಕದಲ್ಲಿ ಕೆಳಗಿನಿಂದ ಮೇಲಕ್ಕೆ ಏರುತ್ತವೆ. ಆದ್ದರಿಂದ 100 ಎಂದರೆ ಚಿಪ್ಪಿನ ಮೇಲೆ ಒಂದು ಗೆರೆ, 200 ಎಂದರೆ ಎರಡು ಗೆರೆ. ಮಾಗಿದ ಹಣ್ಣು ಏಕೆ ಅಗ್ಗ ಎಂಬ ಪ್ರಶ್ನೆಗೆ ಅರ್ಥಶಾಸ್ತ್ರದ ಒಳ್ಳೆಯ ಚರ್ಚೆ ಹುಟ್ಟುತ್ತದೆ.

ಕೊನೆಯ ಹಂತ: ಬಟ್ಟಲಿನ ಬೆರಳಗುರುತು, ಇಂದಿನ ಒಲೆ

ಎಲ್ ಸಾಲ್ವಡಾರ್‌ನ ಹೋಯಾ ದೆ ಸೆರೆನ್ ಎಂಬ ಹಳ್ಳಿ ಸುಮಾರು ಕ್ರಿ.ಶ. 600ರ ಹೊತ್ತಿಗೆ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಯಿತು. 1976ರಲ್ಲಿ ಬುಲ್ಡೋಜರ್ ಕೆಲಸದ ವೇಳೆ ಅದು ಬೆಳಕಿಗೆ ಬಂದಾಗ ಮಡಕೆಯಲ್ಲಿ ಬೀನ್ಸ್ ಕಾಳು, ಹೊಲದಲ್ಲಿ ಮೆಕ್ಕೆಜೋಳದ ಸಾಲು, ಊಟದ ಬಟ್ಟಲಿನಲ್ಲಿ ಬೆರಳಿಂದ ಬಳಿದುಂಡ ಗುರುತು ಹಾಗೆಯೇ ಇದ್ದವು. ಜನರ ಅಸ್ಥಿಪಂಜರಗಳು ಮಾತ್ರ ಇರಲಿಲ್ಲ, ಬಹುಶಃ ಅವರು ಊಟ ಬಿಟ್ಟು ಓಡಿ ಪಾರಾಗಿದ್ದರು. ಮೌಲ್ಯಮಾಪನಕ್ಕೆ ಪ್ರಶ್ನೆಪತ್ರಿಕೆಯ ಬದಲು ಒಂದು ಕೋಷ್ಟಕ ಕೊಡಿ: ಈ ಎರಡು ವಾರಗಳಲ್ಲಿ ಕಲಿತ ಐದು ಸಂಗತಿಗಳು, ಪ್ರತಿಯೊಂದರ ಎದುರು ಅದರ ಸಾಕ್ಷ್ಯ ಯಾವುದು, ಬರಹವೋ, ಚಿತ್ರವೋ, ಕರೆಯೋ, ಬೂದಿಯೋ, ಇಂದಿನ ಜನರ ರೂಢಿಯೋ ಎಂದು ಮಕ್ಕಳು ತುಂಬಬೇಕು.

ಆ ಕೊನೆಯ ಬಗೆಯ ಸಾಕ್ಷ್ಯ ಇರುವುದೇ ಮಾಯಾ ಜನರು ಮಾಯವಾಗಿಲ್ಲದ ಕಾರಣಕ್ಕೆ. ಅವರ ಕೊನೆಯ ಸ್ವತಂತ್ರ ರಾಜಧಾನಿ ನೊಹ್‌ಪೆತೆನ್ 1697ರಲ್ಲಿ ಸ್ಪೇನಿಗೆ ಸೋತಿತು, ಆದರೆ ಲಕ್ಷಾಂತರ ಮಾಯಾ ಜನರು ಇಂದಿಗೂ ಸುಮಾರು ಮೂವತ್ತು ಮಾಯಾ ಭಾಷೆಗಳನ್ನಾಡುತ್ತಾ ಅದೇ ನೆಲದಲ್ಲಿದ್ದಾರೆ, ಎಷ್ಟೋ ಮನೆಗಳಲ್ಲಿ ರಾತ್ರಿ ಕಾಳಿಗೆ ಸುಣ್ಣ ಬೀಳುತ್ತದೆ. ಆದ್ದರಿಂದ ಗರಿ ಕಿರೀಟ ತೊಡಿಸಿ ವೇಷ ಹಾಕಿಸುವ ಕಾರ್ಯಕ್ರಮವನ್ನು ಕೈಬಿಡಿ, ‘ಉಣ್ಣುತ್ತಿದ್ದರು’ ಎಂದು ಬರೆದ ವಾಕ್ಯಗಳಲ್ಲಿ ‘ಉಣ್ಣುತ್ತಾರೆ’ ಎಂದೂ ಬರೆಯಬಹುದಾದವು ಯಾವುವೆಂದು ಮಕ್ಕಳಿಂದಲೇ ಗುರುತು ಹಾಕಿಸಿ. ಉಳಿದ ಹಿಟ್ಟು ಫ್ರಿಜ್‌ನಲ್ಲಿ ಎರಡು ದಿನ ಕೆಡದೆ ಇರುತ್ತದೆ. ಪಕ್ಕದ ತರಗತಿಯವರು ಕೇಳಿಕೊಂಡು ಬಂದರೆ ಅವರಿಗೆ ಅರೆಯುವ ಕಲ್ಲನ್ನೂ ಜೊತೆಗೇ ಕೊಡಿ.